ಹಿಂದಕ್ಕೆ ಸರಿಯುವ ಸೀಟು

ನಾನು ಅಂಜುಬುರುಕನಲ್ಲ ಎಂದು ಊರ ತುಂಬ ಹೇಳಿಕೊಂಡು ತಿರುಗಿದವನು. ಔರಾದಿನ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ, ಮನೆ ಬೀದರದ ಮೈಲೂರಿನಲ್ಲಿ. ಬಸವಣ್ಣನವರನ್ನು ನಂಬಿದ ಮನೆತನ. ನಮ್ಮಲ್ಲಿ ಹುಟ್ಟಿದರೂ ಸೂತಕವಿಲ್ಲ, ಸತ್ತರೂ ಸೂತಕವಿಲ್ಲ. ದೆವ್ವ ಕಂಡೆ ಅಂದವರನ್ನು ಸ್ಟಾಫ್ ರೂಮಿನಲ್ಲಿ ಕೂಡಿಸಿಕೊಂಡು, ಚಹಾ ಆರಿ ತಣ್ಣಗಾಗುವ ತನಕ ಗೇಲಿ ಮಾಡಿದ್ದೇನೆ. ಆ ಜಂಬದಲ್ಲೇ ತೀರಿಹೋದವರೊಬ್ಬರ ಕಾರು ಕೊಂಡೆ. ಆಮೇಲೆ ಅಂಜಿ, ಅವರ ಹೆಂಡತಿಗೆಂದು ಉಳಿದಿದ್ದ ಒಂದೇ ಒಂದು ಗುರುತನ್ನು ಕೈಯಾರೆ ಅಳಿಸಿದೆ. ಅದನ್ನು ಬರೆದಿಡದೆ ನನಗೆ ಸಮಾಧಾನವಿಲ್ಲ.

ಹದಿನೈದು ವರ್ಷ ಓಡಿಸಿದ ಸಣ್ಣ ಕಾರು ಮುದಿಯಾಗಿತ್ತು. ಬೀದರದಿಂದ ಔರಾದಿಗೆ ದಿನಾ ಹೋಗಿಬರುವ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಕೂಡ ನನ್ನನ್ನು ಹಿಂದೆ ಹಾಕಿ ಹೋಗುತ್ತಿದ್ದವು. ಈ ಸಲ ಜೋರಾಗಿ ಓಡುವ ಗಾಡಿಯೇ ಬೇಕು, ಹಳೆಯದಾದರೂ ಸರಿ, ಅಂತ ಹಟ ಹಿಡಿದೆ. ಪೆಡಲ್ ಮೇಲೆ ಕಾಲಿಟ್ಟರೆ ಬೆನ್ನು ಸೀಟಿಗೆ ಅಂಟಬೇಕು. ಆದರೆ ಅದೇ ಗಾಡಿ ದಿನಾ ಬೆಳಿಗ್ಗೆ ಕಾಲೇಜಿಗೂ ಹೋಗಬೇಕು, ಸಂಜೆ ಸಂತೆಯ ಚೀಲವನ್ನೂ ತರಬೇಕು.

"ಅರವತ್ತಕ್ಕ ಅರಳುಮರಳು ಅಂತಾರ, ನಿಮಗ ನಲವತ್ತೇಳಕ್ಕೇ ಬಂತೇನ್ರಿ?" ಅಂದಳು ನನ್ನ ಹೆಂಡತಿ.

ನನ್ನ ಜೊತೆ ಕಾರು ನೋಡಲು ಬಂದವರು ಬೀದರದ ಹಳೆಯ ಮೆಕ್ಯಾನಿಕ್. ಊರವರೆಲ್ಲ ಅವರನ್ನು ಉಸ್ತಾದ್ ಎಂದೇ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಮೊದಲ ಗಾಡಿ ಬೀದರದಲ್ಲೇ ಇತ್ತು, ಹೊಳೆಯುವ ಕೆಂಪು ಬಣ್ಣದ್ದು, ಬೆಲೆ ನಂಬಲಾರದಷ್ಟು ಕಡಿಮೆ. ಉಸ್ತಾದ್ ಕಾಲ ಕೆಳಗಿನ ಕಾರ್ಪೆಟ್ ಎತ್ತಿ ಮೂಸಿ ನೋಡಿ, "ಹೈದರಾಬಾದಿನ ಮಳಿನೀರು ಕುಡದದ ಸಾಬ್, ಬಿಡ್ರಿ" ಅಂದರು. ಎರಡನೆಯದು ಔರಾದಿನಲ್ಲಿ ಸಿಕ್ಕಿತು. ಮಹಾರಾಷ್ಟ್ರದ ನಂಬರು, ನೆಲಕ್ಕೆ ತಗ್ಗಿಸಿದ ಮೈ, ಸೈಲೆನ್ಸರ್ ಮಾತ್ರ ಬೋರ್‌ವೆಲ್ ಲಾರಿಯದರಂತೆ ಅಬ್ಬರಿಸುತ್ತಿತ್ತು. ಔರಾದ ರಸ್ತೆಯ ಮೊದಲ ಹಂಪಿನಲ್ಲೇ ಹೊಟ್ಟೆ ಕೆರೆದುಕೊಂಡು ನಿಂತಿತು. ಉಸ್ತಾದ್ ಇಳಿದು ನಡೆದೇ ವಾಪಸು ಹೊರಟರು. ನಾನು ಕೀಲಿಯನ್ನು ಮಾಲೀಕನ ಕೈಗೆ ತುರುಕಿ ಅವರ ಹಿಂದೆ ಓಡಿದೆ.

ಮೂರನೆಯದು ಭಾಲ್ಕಿ ತಾಲೂಕಿನ ಭಾತಂಬ್ರಾದಲ್ಲಿತ್ತು. ಬೂದು ಬಣ್ಣದ ಉದ್ದನೆಯ ಕಾರು, ಟರ್ಬೊ ಪೆಟ್ರೋಲ್ ಎಂಜಿನ್, ಗೇರು ತಾನೇ ಬದಲಾಗುವಂಥದ್ದು. ಭಾಲ್ಕಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದವರು ಅದರ ಮಾಲೀಕರು. ಮನೆಯಿಂದ ಅಂಗಡಿಗೆ ಹೋಗುವ ಆ ಚೂರು ದಾರಿಗೆ ಅಂಥ ಗಾಡಿ ಯಾಕೆ ಅಂತ ಜನ ಕೇಳಿದರೆ, "ನನ್ನ ಖುಷಿಗಿ" ಅನ್ನುತ್ತಿದ್ದರಂತೆ. ಆರು ತಿಂಗಳ ಹಿಂದೆ ಅಂಗಡಿಯಿಂದ ಮನೆಗೆ ಬಂದು, ಅಂಗಳದಲ್ಲಿ ಕಾರು ನಿಲ್ಲಿಸಿ, ಎಂಜಿನ್ ಆರಿಸುವ ಮುಂಚೆ ಎದೆನೋವು ಬಂದು ಸೀಟಿನಲ್ಲೇ ಪ್ರಾಣ ಬಿಟ್ಟಿದ್ದರು. ಕಾರಿಗೆ ಒಂದು ಗೀರೂ ಇರಲಿಲ್ಲ.

ಇದನ್ನೆಲ್ಲ ನಮಗೆ ಹೇಳಿದ್ದು ಅವರ ಹೆಂಡತಿಯೇ. ಊರ ಸಾಲಿಯಲ್ಲಿ ಟೀಚರು. ಮುಚ್ಚುಮರೆ ಇಲ್ಲದ ಹೆಣ್ಣುಮಗಳು. "ಕೂತಲ್ಲೇ ಹೋದ್ರರಿ ಸರ್. ನಮ್ಮಾಗ ಹ್ಯಾಂಗೂ ಕೂಡಿಸೇ ಮಣ್ಣು ಕೊಡ್ತೀವಲ್ಲ, ಮಲಗಿಸೋ ಪ್ರಸಂಗನೇ ಬರಲಿಲ್ಲ" ಅಂದರು. ನಾನು ತಲೆ ಆಡಿಸಿದೆ. ನಮ್ಮವರನ್ನು ಕೂಡಿಸಿಯೇ ಸಮಾಧಿ ಮಾಡುವುದು. ಸಣ್ಣವನಿದ್ದಾಗಿನಿಂದ ಎಷ್ಟು ಸಲ ನೋಡಿದ್ದೇನೋ. ಆದರೂ ಆ ಡ್ರೈವರ್ ಸೀಟಿನ ಕಡೆ ಮತ್ತೊಮ್ಮೆ ನೋಡಲು ಮನಸ್ಸಾಗಲಿಲ್ಲ.

ಭಾಲ್ಕಿ ತಾಲೂಕಿನ ತುಂಬ ಶರಣರೇ. ಸೂತಕ ಇಲ್ಲ, ಶಕುನ ಇಲ್ಲ ಅಂತ ವೇದಿಕೆ ಹತ್ತಿ ಹೇಳುವವರೇ. ಆ ಕಾರನ್ನು ಮಾತ್ರ ಅವರಲ್ಲಿ ಒಬ್ಬರೂ ಕೊಂಡಿರಲಿಲ್ಲ. ನೋಡಿ ಹೋದವರಿಗೆಲ್ಲ ಮೈಲೇಜು ಕಡಿಮೆ ಅನ್ನಿಸಿತ್ತಂತೆ.

ಉಸ್ತಾದ್ ತಮ್ಮ ಪದ್ಧತಿಯಂತೆ ಎಂಜಿನ್ ಚಾಲೂ ಮಾಡಿ, ಪಕ್ಕದ ಸೀಟಿನಲ್ಲಿ ಹತ್ತು ನಿಮಿಷ ಕಣ್ಣು ಮುಚ್ಚಿ ಕೂತರು. ಆಮೇಲೆ ಬಗ್ಗಿ ಪೆಡಲುಗಳ ರಬ್ಬರಿನ ಮೇಲೆ ಬೆರಳು ಆಡಿಸಿದರು. ಕಿಲೋಮೀಟರ್ ಮೀಟರು ಸುಳ್ಳು ಹೇಳಬಹುದು, ರಬ್ಬರ್ ಹೇಳುವುದಿಲ್ಲ ಅನ್ನುವುದು ಅವರ ನಂಬಿಕೆ. ನನ್ನನ್ನು ಬೇವಿನ ಮರದ ಕಡೆ ಕರೆದುಕೊಂಡು ಹೋಗಿ ಹೇಳಿದರು:

"ಮನಷ್ಯಾ ಜೋರ್ ಓಡಿಸ್ಯಾನ, ಖರೆ ಬ್ರೇಕ್ ಮ್ಯಾಲ ಎಂದೂ ಜಿಗದಿಲ್ಲ. ದೂರದಿಂದಾನೇ ನೋಡಿ ಹಗೂರ ನಿಲ್ಲಸ್ಯಾನ. ಶರೀಫ್ ಆದ್ಮಿ. ಗಾಡಿ ಒಂದ್ ನಂಬರ್ ಅದ ಸಾಬ್."

"ಹಂಗಾರ ತೊಗೊಳ್ಲೇನ್ರಿ?"

"ನಾ ಆದ್ರ ತೊಗೊಳಲ್ಲ."

"ಯಾಕ್ರಿ ಉಸ್ತಾದ್?"

"ಎಂಜಿನ್ ಕೇಳಿದ್ರ ಹೇಳ್ತೇನಿ. ಇದು ಎಂಜಿನಿಂದು ಅಲ್ಲ."

ಅವರು ಹಾಗಂದದ್ದೇ ನನಗೆ ಕಿಚ್ಚು ಹತ್ತಿಸಿತು. ಭಾಲ್ಕಿಯ ಶರಣರು ಹಿಂಜರಿದರು, ಉಸ್ತಾದ್ ಹಿಂಜರಿದರು, ನಾನಂತೂ ಹಿಂಜರಿಯುವವನಲ್ಲ. ಅಲ್ಲೇ ಮಾತು ಮುಗಿಸಿದೆ. ಟೀಚರು ಎರಡು ಕೀಲಿ ತಂದು ನನ್ನ ಅಂಗೈಯಲ್ಲಿಟ್ಟರು.

"ಇದು ಅವರದ್ರಿ, ಇದು ನಂದು. ನಾ ಓಡಸೋದು ಕಲೀಲೇ ಇಲ್ಲ. ಅವರ ಕೀಲಿಲೆ ಬಾಗಲಾ ತಗದ್ರ ಸೀಟು ತಾನೇ ಅವರ ಜಾಗಾಕ್ಕ ಸರೀತದರಿ. ನೀವು ಬೇಕಾದಂಗ ಮಾಡ್ಕೋರಿ."

ಇದರಲ್ಲಿ ವಿಚಿತ್ರವೇನೂ ಇಲ್ಲ. ಓಡಿಸುವವನ ಎತ್ತರಕ್ಕೆ ತಕ್ಕಂತೆ ಸೀಟು ಎಲ್ಲಿರಬೇಕು, ಕನ್ನಡಿ ಹೇಗೆ ವಾಲಿರಬೇಕು ಎಂಬುದನ್ನು ಇಂಥ ಗಾಡಿಗಳು ಕೀಲಿಯ ಲೆಕ್ಕದಲ್ಲಿ ನೆನಪಿಟ್ಟುಕೊಳ್ಳುತ್ತವೆ. ಸೀಟಿನ ಮಗ್ಗುಲಿಗೆ ಒಂದು ಗುಂಡಿ ಇರುತ್ತದೆ. ಅದನ್ನು ಒತ್ತಿ ಹಿಡಿದರೆ ಹಳೆಯ ಜಾಗ ಅಳಿಸಿ ಹೊಸದು ಉಳಿಯುತ್ತದೆ. ಒಂದು ಚಿಕ್ಕ ಮೋಟಾರು, ಒಂದಿಷ್ಟು ತಂತಿ, ಅಷ್ಟೇ.

ಮೈಲೂರಿನ ಮನೆಯ ಮುಂದೆ ಮೊದಲ ದಿನ ಹೆಂಡತಿಯ ಎದುರು ಬಾಗಿಲು ತೆರೆದೆ. ಮೆಲ್ಲಗೆ ಗುಂಯ್ ಎನ್ನುತ್ತ ಸೀಟು ಹಿಂದಕ್ಕೆ ಹೋಯಿತು, ಬೆನ್ನು ತುಸು ವಾಲಿತು, ನಿಂತಿತು. ಹೆಂಡತಿ ಒಂದು ಹೆಜ್ಜೆ ಹಿಂದೆ ಸರಿದಳು.

"ಯಾರಿಗಿ ಜಾಗಾ ಬಿಡ್ಲಕತ್ತದರಿ ಅದು?"

ನಾನು ಮೋಟಾರಿನ ಪಾಠ ಮಾಡಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಎರಡನೇ ಕೀಲಿ ತೊಗೊಂಡು ಹೋಗ್ರಿ, ಸುಮ್ನ" ಅಂದಳು. ಎರಡನೆಯ ಕೀಲಿ ಹಿಡಿದರೂ, ಗುಂಡಿ ಒತ್ತಿ ಅಳಿಸಿದರೂ ಸೋತಂತೆ. ನಾನು ಮೊದಲನೆಯದನ್ನೇ ಕಿಸೆಗೆ ಹಾಕಿಕೊಂಡೆ.

ಗಾಡಿಯ ಬಗ್ಗೆ ಏನು ಹೇಳಲಿ! ಬೀದರದ ಗುಡ್ಡ ಇಳಿದು ಬಯಲಿಗೆ ಬಿದ್ದರೆ, ತೊಗರಿ ಹೊಲಗಳ ನಡುವೆ ಅದು ಓಡುವ ಬೆಡಗೇ ಬೇರೆ. ಮಾಂಜ್ರಾ ನದಿಯ ಸೇತುವೆ ಯಾವಾಗ ಬಂತು, ಯಾವಾಗ ಹೋಯಿತು ತಿಳಿಯುತ್ತಿರಲಿಲ್ಲ. ಟ್ರ್ಯಾಕ್ಟರುಗಳ ಮೇಲೆ ಹದಿನೈದು ವರ್ಷದ ಸೇಡು ಒಂದು ವಾರದಲ್ಲಿ ತೀರಿತು. ಸುಖವಾಗಿದ್ದೆ, ಅದು ಸುಳ್ಳಲ್ಲ. ಆದರೆ ದಿನಕ್ಕೆ ಎರಡು ಸಲ ಆ ಬಾಗಿಲು ತೆರೆಯಬೇಕಾಗುತ್ತಿತ್ತು. ಬೆಳಿಗ್ಗೆ ಮನೆಯ ಮುಂದೆ, ಸಂಜೆ ಕಾಲೇಜಿನ ಮುಂದೆ. ಪ್ರತಿ ಸಲವೂ ಸೀಟು ಹಿಂದಕ್ಕೆ ಸರಿದು ನನಗಿಂತ ಎತ್ತರದ ಒಬ್ಬರಿಗಾಗಿ ಸಜ್ಜಾಗುತ್ತಿತ್ತು. ನಾನು ಅವರ ಜಾಗದಲ್ಲಿ ಕೂತು, ಕಾಲು ಎಟುಕದೆ, ಸೀಟು ಸರಿಸುವ ಸ್ವಿಚ್ಚಿನಿಂದ ಮುಂದಕ್ಕೆ ತಂದುಕೊಳ್ಳುತ್ತಿದ್ದೆ. ಬರಬರುತ್ತ ಬಾಗಿಲು ತೆರೆದು ಸ್ವಲ್ಪ ಹೊತ್ತು ಹೊರಗೇ ನಿಲ್ಲುವ ರೂಢಿಯಾಯಿತು. ಯಾರೋ ಕೂತು ಎದ್ದು ಹೋಗಲಿ ಅನ್ನುವಂತೆ.

ಎರಡು ತಿಂಗಳಾದ ಮೇಲೆ, ಒಂದು ಮಧ್ಯಾಹ್ನ, ಪರೀಕ್ಷೆಯ ಕೆಲಸ ಬೇಗ ಮುಗಿಯಿತೆಂದು ಹೊರಟಿದ್ದೆ. ಕಾಲೇಜಿನ ಅಂಗಳದಲ್ಲಿ ಸುಡು ಬಿಸಿಲು, ಸುತ್ತ ಒಂದು ನಾಯಿಯೂ ಇಲ್ಲ. ಬಾಗಿಲು ತೆರೆದೆ. ಸೀಟು ಸರಿಯಿತು, ಹೊರಗಿನ ಕನ್ನಡಿ ತಾನೇ ವಾಲಿತು. ಆ ಕನ್ನಡಿಯಲ್ಲಿ ನನಗೆ ಏನೂ ಕಾಣಲಿಲ್ಲ, ಖಂಡಿತ ಏನೂ ಕಾಣಲಿಲ್ಲ. ಆದರೂ ಅಂಜಿದೆ. ಸೀಟನ್ನು ನನ್ನ ಅಳತೆಗೆ ತಂದು ಗುಂಡಿಯನ್ನು ಒತ್ತಿ ಹಿಡಿದೆ. ಟಿಣ್ ಎಂದು ಒಂದು ಸಪ್ಪಳ ಬಂತು. ಮರುದಿನ ಬಾಗಿಲು ತೆರೆದಾಗ ಸೀಟು ಕದಲಲಿಲ್ಲ. ಹೆಂಡತಿ ಕೇಳಿದ್ದಕ್ಕೆ, "ಯಾವಾಗೋ ಕೈ ತಾಕಿ ಅಳಿಸಿಹೋಗ್ಯದ" ಎಂದು ಸುಳ್ಳು ಹೇಳಿದೆ.

ಮತ್ತೆ ನಾಲ್ಕು ತಿಂಗಳು ಕಳೆದವು. ಟೀಚರಿಂದ ಫೋನ್ ಬಂತು.

"ಶರಣು ಸರ್. ಗಾಡಿ ಛಲೋ ಅದ ಇಲ್ರಿ?"

"ಛಲೋ ಅದರಿ ಅಕ್ಕೋರೆ."

"ಐತವಾರ ಅವರದು ವರ್ಷದ ಸ್ಮರಣಿ ಅದರಿ. ಮಂದಿ ಬರೋಕಿಂತ ಮೊದಲ ಒಂದ್ ತಾಸು ಗಾಡಿ ತೊಗೊಂಡ್ ಬರ್ತೀರೇನ್ರಿ? ಅವರ ಕೀಲಿನೇ ತರ್ರಿ. ಸೀಟು ಸರಿಯೋದು ಒಮ್ಮೆ ನೋಡ್ಬೇಕನಸ್ಯದ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ತಾನಾಗಿ ಕಿಸೆಯಲ್ಲಿದ್ದ ಕೀಲಿಯ ಮೇಲೆ ಹೋಯಿತು. ಅಳಿಸಿದ್ದೇನೆ ಎಂದು ಅಲ್ಲೇ ಹೇಳಬಹುದಿತ್ತು. "ಬರ್ತೇನ್ರಿ" ಅಂದುಬಿಟ್ಟೆ.

ಉಸ್ತಾದರ ಹತ್ತಿರ ಓಡಿದೆ. ಅವರು ತಮ್ಮ ಸ್ಕ್ಯಾನರ್ ಹಚ್ಚಿ ನೋಡಿ, ವೈರು ಸುತ್ತಿಡುತ್ತ, "ಅಳಿಸಿದ್ದು ಅಳಿಸಿದ್ದೇ ಸಾಬ್" ಅಂದರು. ಯಾಕೆ ಅಳಿಸಿದಿರಿ ಎಂದು ಕೇಳಲಿಲ್ಲ. ಅದಕ್ಕೆ ಅವರಿಗೆ ಇವತ್ತಿಗೂ ಋಣಿ.

ಭಾನುವಾರ ಬೆಳಿಗ್ಗೆ ಭಾಲ್ಕಿ ದಾಟಿ, ರಸ್ತೆ ಬದಿಯ ಮರದಡಿ ನಿಲ್ಲಿಸಿ, ಸತ್ತವರ ಜಾಗವನ್ನು ಅಂದಾಜಿನಿಂದ ಮತ್ತೆ ಮಾಡಲು ಕೂತೆ. ನನ್ನ ಪಾದ ಬ್ರೇಕಿಗೆ ಎಷ್ಟು ಎಟುಕುತ್ತಿರಲಿಲ್ಲ? ಬೆನ್ನು ಎಷ್ಟು ವಾಲುತ್ತಿತ್ತು? ಇಪ್ಪತ್ತು ವರ್ಷ ಮಕ್ಕಳಿಗೆ ಅಳತೆ ಕಲಿಸಿದವನಿಗೆ ಒಂದು ಸೀಟಿನ ಅಳತೆ ನೆನಪಿರಲಿಲ್ಲ. ಹಿಂದೆ ಸರಿಸಿದೆ, ಮುಂದೆ ಸರಿಸಿದೆ. ಕೊನೆಗೆ ಇಷ್ಟಿರಬಹುದು ಅನ್ನಿಸಿದ ಕಡೆ ಗುಂಡಿ ಒತ್ತಿ ಹಿಡಿದೆ.

ಟೀಚರು ಬಿಳಿ ಸೀರೆ ಉಟ್ಟು ಅಂಗಳದಲ್ಲಿ ನಿಂತಿದ್ದರು. ಒಳಗೆ ಅಡುಗೆಯ ಸಪ್ಪಳ. ನಾನು ಗಾಡಿಯನ್ನು ನನ್ನ ಅಳತೆಯಲ್ಲೇ ಓಡಿಸಿಕೊಂಡು ಬಂದಿದ್ದೆ. ಇಳಿದು, ಬಾಗಿಲು ಮುಚ್ಚಿ, ಕೀಲಿ ಅವರ ಕೈಗೆ ಕೊಟ್ಟೆ. ಅವರೇ ಬಾಗಿಲು ತೆರೆದರು. ಸೀಟು ಗುಂಯ್ ಎನ್ನುತ್ತ ಹಿಂದಕ್ಕೆ ಹೋಗಿ ನಿಂತಿತು. ಅವರು ಆ ಕಡೆಯಿಂದ ಸುತ್ತಿ ಬಂದು ಎಡಗಡೆಯ ಸೀಟಿನಲ್ಲಿ ಕೂತರು. ಬಹಳ ಹೊತ್ತು ಖಾಲಿ ಸೀಟನ್ನೇ ನೋಡಿದರು.

"ಇಷ್ಟ್ ಹಿಂದ ಅಲ್ರಿ ಸರ್."

ಅವರು ಕೈಯನ್ನು ಗಾಳಿಯಲ್ಲಿ ಒಂದು ಎತ್ತರಕ್ಕೆ ಹಿಡಿದರು. "ಹೆಗಲು ಇಲ್ಲಿಗಿ ಬರ್ತಿತ್ತು. ಮುಂದ ತೊಗೋರಿ. ಇನ್ನೊಂಚೂರು. ಬೆನ್ನು ಎಬ್ಬಸ್ರಿ. ಹಾಂ."

ನಾನು ಹೊರಗೆ ನಿಂತು ಬಗ್ಗಿ, ಅವರು ಹೇಳಿದಂತೆ ಸರಿಸುತ್ತ ಹೋದೆ. ಸೀಟು ಒಂದು ಕಡೆ ಬಂದು ನಿಂತಾಗ ಅವರ ಕೈ ತಾನಾಗಿ ಕೆಳಗಿಳಿಯಿತು. ಆ ಜಾಗ ನನಗೂ ಗುರುತು ಸಿಕ್ಕಿತು. ಅಂಗಡಿಯಿಂದ ಬಂದವರು ಆಗಷ್ಟೇ ಕೂತಂತಿತ್ತು.

"ಅಳಿಸಿದ್ದು ನಾನೇ ಅಕ್ಕೋರೆ," ಅಂದೆ. "ಕೈ ತಾಕಿ ಅಲ್ಲ. ಅಂಜಿಕಿ ಬಂತು. ಅಂಜಿ ಅಳಿಸೀನಿ."

ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವರು ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ ಸೀಟಿಗೇ ಹೇಳುವಂತೆ ಹೇಳಿದರು:

"ಗಾಡಿ ಇಲ್ಲಿ ನಿಂತಾಗ ದಿನಾ ಮುಂಜಾನಿ ನಾ ಬಾಗಲಾ ತಗೀತಿದ್ದೆರಿ ಸರ್. ಸೀಟು ಹಿಂದ ಹೋಗ್ತಿತ್ತು. ಮಂದಿಗಿ ಬ್ಯಾಟರಿ ಕೆಡಬಾರ್ದಂತ ಚಾಲೂ ಮಾಡ್ತೇನಿ ಅಂತಿದ್ದೆ. ಒಂದಿನ ಅದು ಸರಿದು ನಿಂತ್ ಮ್ಯಾಲ, 'ಕೂಡ್ರಿ' ಅಂದೆ. ಬಾಯಿಂದ ಬಂದೇ ಬಿಡ್ತು. ಅಂದು, ಕಾಯ್ಕೊಂತ ನಿಂತಿದ್ದೆರಿ. ಖರೆನೇ ಕಾಯ್ಕೊಂತ. ಆಮ್ಯಾಲ ನನಗೇ ಅಂಜಿಕಿ ಬಂತು. ಅವತ್ತೇ ಮಾರೋದಂತ ಮಾಡಿದೆ."

ಮನೆಯೊಳಗಿಂದ ಯಾರೋ ಅವರನ್ನು ಕರೆದರು. ಬಾಗಿಲ ಹೊರಗೆ ಮೊದಲ ನೆಂಟರ ಜೀಪು ಬಂದು ನಿಂತ ಸದ್ದಾಯಿತು. ನಾನು ಗುಂಡಿಯ ಮೇಲೆ ಬೆರಳಿಟ್ಟು ಕೇಳಿದೆ:

"ಇದನ್ನ ಉಳಸ್ಲೇನ್ರಿ?"

ಅವರು ಇಳಿದು, ಸೀರೆಯ ನೆರಿಗೆ ಸರಿಮಾಡಿಕೊಂಡು, ಸುತ್ತಿ ನನ್ನ ಕಡೆ ಬಂದರು. ಸೀಟಿನ ತಲೆಯ ಭಾಗವನ್ನು ಒಮ್ಮೆ ಅಂಗೈಯಿಂದ ಒರೆಸಿದರು. ಕೀಲಿಯನ್ನು ನನ್ನ ಕೈಗೆ ವಾಪಸು ಕೊಟ್ಟರು.

"ಬ್ಯಾಡ್ರಿ," ಅಂದರು. "ನೀವು ಕೂಡ್ರಿ."

ಕೂತೆ. ಕಾಲು ಎಟುಕಲಿಲ್ಲ. ಅವರು ನೋಡುತ್ತ ನಿಂತಿರುವಾಗಲೇ ಸೀಟನ್ನು ನನ್ನ ಅಳತೆಗೆ ಮುಂದಕ್ಕೆ ತಂದೆ. ಮೋಟಾರಿನ ಸಪ್ಪಳ ನಿಲ್ಲುವ ತನಕ ಅವರು ಒಳಗೆ ಹೋಗಲಿಲ್ಲ.