ಕೆರಿಬಿಯನ್ನಿಗೆ ಮೂರು ದಾರಿ

ಏಳು ವರ್ಷದಿಂದ ಮಕ್ಕಳಿಗೆ ಸಮಾಜ ವಿಜ್ಞಾನ ಕಲಿಸುತ್ತಿರುವ ನನಗೆ ಕೆರಿಬಿಯನ್ ಸಮುದ್ರ ಎಲ್ಲಿದೆ ಎಂದು ಗೊತ್ತಿರಲಿಲ್ಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ತಪ್ಪು ಪೂರ್ತಿ ನನ್ನದಲ್ಲ. ಕೆ.ಜಿ.ಎಫ್‌ನ ಉರಿಗಾಂನಲ್ಲಿರುವ ನಮ್ಮ ಶಾಲೆಯ ಪ್ರಪಂಚದ ಭೂಪಟವನ್ನು ಯಾರೋ ಪುಣ್ಯಾತ್ಮರು ವರ್ಷಗಟ್ಟಲೆ ಮಡಿಸಿ ಬೀರುವಿನಲ್ಲಿಟ್ಟಿದ್ದರು. ಮಡಿಕೆ ಸರಿಯಾಗಿ ಎರಡು ಅಮೆರಿಕಗಳ ನಡುವೆ ಬಿದ್ದು, ಅಲ್ಲಿದ್ದ ದ್ವೀಪಗಳೆಲ್ಲ ಸವೆದುಹೋಗಿ ಹಿಂದಿನ ಬಟ್ಟೆ ಕಾಣುತ್ತದೆ. ಆ ಜಾಗ ಬಂದಾಗಲೆಲ್ಲ ನಾನು ಕೋಲನ್ನು ಸ್ವಲ್ಪ ಜೋರಾಗಿ ಆಡಿಸಿ ಮುಂದೆ ಹೋಗುತ್ತಿದ್ದೆ. ಯಾವ ಮಗುವೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅಂಥವಳಿಗೆ ಒಂದು ದಿನ ಅಣ್ಣನಿಂದ ಸಂದೇಶ ಬಂತು: ಕೆರಿಬಿಯನ್ನಿನಲ್ಲಿ ಮೂರು ಹಡಗಿನ ದಾರಿಗಳಿವೆ, ಪೂರ್ವ, ಪಶ್ಚಿಮ, ದಕ್ಷಿಣ. ಯಾವುದು ಬೇಕೋ ಗಂಡ ಹೆಂಡತಿ ಕೂತು ಆರಿಸಿ, ಹತ್ತು ದಿನದೊಳಗೆ ಹೇಳಿ.

ನಮ್ಮಣ್ಣ ಕುಮಾರ ಹಡಗಿನಲ್ಲಿ ಬೇಕರಿ ಕೆಲಸದವನು. ಸಾಮಾನು ಸಾಗಿಸುವ ಹಡಗಲ್ಲ, ಸಾವಿರಾರು ಜನ ರಜೆ ಕಳೆಯಲು ಹತ್ತುವ, ಒಳಗೇ ಈಜುಕೊಳ, ಅಂಗಡಿ, ನಾಟಕದ ಮನೆ ಇರುವ ಹಡಗು. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಓದಿಸಿದವನು ಅವನೇ. ನನ್ನ ಮದುವೆಗೆ ರಜೆಯೂ ಮಂಜೂರಾಗಿತ್ತು. ಅವನ ಜಾಗಕ್ಕೆ ಬರಬೇಕಾದವನು ಕಾಯಿಲೆ ಬಿದ್ದು, ರಜೆ ರದ್ದಾಯಿತು. ಧಾರೆಯನ್ನು ಚಿಕ್ಕಪ್ಪ ಎರೆದರು. ಅಣ್ಣ ಹಿಟ್ಟಿನ ಚೀಲಗಳ ನಡುವೆ ನಿಂತು ಫೋನಿನಲ್ಲಿ ನೋಡುತ್ತಿದ್ದ. ತಾಳಿ ಕಟ್ಟುವ ಹೊತ್ತಿಗೆ ಅವನ ಮುಖ ಪರದೆಯ ಮೇಲೆ ನಿಂತುಹೋಯಿತು, ಆಮೇಲೆ ಅದೂ ಹೋಯಿತು. ಆ ಬೇಸರ ತೀರಿಸಿಕೊಳ್ಳಲು, ಕೆಲಸಗಾರರ ಮನೆಯವರಿಗೆ ಕಂಪನಿ ಕೊಡುವ ಕ್ಯಾಬಿನ್ನನ್ನು ನಮ್ಮ ಹೆಸರಿಗೆ ಬರೆಸಿದ್ದ.

ನನ್ನ ಗಂಡ ಮುನಿರಾಜುಗೆ ಬಂಗಾರಪೇಟೆ ಸ್ಟೇಷನ್ ಹತ್ತಿರ ಮೋಟರ್ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪಿನ ಮೋಟರಿಗೆ ಹೊಸ ತಂತಿ ಸುತ್ತುವುದು ಕೆಲಸ. ಸಂಜೆ ನಾನು ಮಾರಿಕುಪ್ಪಂ ರೈಲಿನಿಂದ ಇಳಿದರೆ ಅವರು ಅಂಗಡಿ ಮುಚ್ಚಿಕೊಂಡು ಬರುತ್ತಾರೆ. ಇಬ್ಬರೂ ಪಾನಿಪುರಿ ತಿಂದು, ಊರ ಹೊರಗಿನ ಹಳ್ಳಿಯಲ್ಲಿರುವ ಮನೆಗೆ ಬೈಕಿನಲ್ಲಿ ಹೋಗುವುದು ವಾಡಿಕೆ. ನಮ್ಮ ಸಂಸಾರದ ದೊಡ್ಡ ತೀರ್ಮಾನಗಳೆಲ್ಲ ಪಾನಿಪುರಿ ಗಾಡಿಯ ಮುಂದೆಯೇ ಆಗಿವೆ. ನಮ್ಮೂರಿನ ಪಾನಿ ಬಾವಿ ನೀರಿನಂತೆ ತಿಳಿಯಾಗಿರುತ್ತದೆ, ಕಣ್ಣಿಗೆ ಏನೂ ಇಲ್ಲದಂತೆ ಕಂಡರೂ ಬಾಯಿಗಿಟ್ಟರೆ ಕಿವಿಯವರೆಗೂ ಖಾರ ಏರುತ್ತದೆ. ಅಂದು ನಾನು ಮೂರು ದಾರಿಗಳ ಸುದ್ದಿ ಹೇಳಿದ್ದೂ ಅಲ್ಲೇ.

ನನಗೆ ಅಚ್ಚರಿಯಾದದ್ದು ಇದು: ಭೂಗೋಳ ಕಲಿಸುವ ನನಗೆ ಗೊತ್ತಿಲ್ಲದ ದ್ವೀಪಗಳ ಹೆಸರನ್ನು ಹತ್ತನೆಯ ತರಗತಿಗೆ ನಿಲ್ಲಿಸಿದ ಮುನಿರಾಜು ಪಟಪಟ ಹೇಳಿದರು. ಜಮೈಕಾ, ಬಾರ್ಬಡೋಸ್, ಆಂಟಿಗಾ. ಕ್ರಿಕೆಟ್ಟಿನ ಕೃಪೆ. ಯಾವ ದ್ವೀಪದ ಪಿಚ್ಚಿನಲ್ಲಿ ಚೆಂಡು ಎಷ್ಟು ಎಗರುತ್ತದೆ ಎಂದು ಅವರಿಗೆ ಗೊತ್ತು. ಆ ದ್ವೀಪದಲ್ಲಿ ಬೇರೆ ಏನಿದೆ ಎಂದು ಗೊತ್ತಿಲ್ಲ. ಪಶ್ಚಿಮದ ದಾರಿಯಲ್ಲಿ ಜಮೈಕಾ ಇದೆ ಎಂದು ತಿಳಿದ ಕೂಡಲೇ ಅವರ ಪಾಲಿಗೆ ಚರ್ಚೆ ಮುಗಿಯಿತು.

ನಾನು ಮೇಷ್ಟರ ಜಾತಿ, ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ನೋಟ್ ಪುಸ್ತಕ ತೆಗೆದು ಗೆರೆ ಎಳೆದೆ. ಓದುತ್ತ ಹೋದಂತೆ ಹುಚ್ಚು ಹಿಡಿಯಿತು. ಇಂಡಿಯಾ ಹುಡುಕಿಕೊಂಡು ಹೊರಟ ನಾವಿಕನೊಬ್ಬ ಅಲ್ಲಿ ಇಳಿದು, ಇದೇ ಇಂಡಿಯಾ ಎಂದು ನಂಬಿದ್ದರಿಂದ ತಾನೇ ಆ ದ್ವೀಪಗಳಿಗೆ ವೆಸ್ಟ್ ಇಂಡೀಸ್ ಎಂದು ಹೆಸರಾದದ್ದು? ವಿಳಾಸ ತಪ್ಪಿದ ಕಾಗದ ಐನೂರು ವರ್ಷ ಅಲ್ಲೇ ಉಳಿದಿದೆ, ಈಗ ಸರಿಯಾದ ವಿಳಾಸದವರೇ ಹೋಗಿ ಬಿಡಿಸಿಕೊಳ್ಳಬೇಕು ಎಂದು ಮುನಿರಾಜುಗೆ ವಿವರಿಸಿದೆ. ಅವರು ಜಮೈಕಾದಲ್ಲೇ ಬಿಡಿಸಿಕೊಳ್ಳೋಣ ಅಂದರು.

ಹಡಗು ನಿಲ್ಲುವುದು ಆ ದ್ವೀಪದ ಒಂದು ಕರಾವಳಿಯಲ್ಲಿ, ಅವರ ಕ್ರಿಕೆಟ್ ಮೈದಾನ ಇರುವುದು ಇನ್ನೊಂದು ಕರಾವಳಿಯಲ್ಲಿ ಎಂದು ನಾನು ಕಂಡುಹಿಡಿದೆ. ಹೀಗೆ ಕಂಡುಹಿಡಿದದ್ದನ್ನು ಬಾಯಿಬಿಟ್ಟು ಹೇಳಬಾರದು ಎನ್ನುವ ಸಂಸಾರದ ಪಾಠ ನನಗಿನ್ನೂ ಆಗಿರಲಿಲ್ಲ.

"ದೂರದಿಂದಾದ್ರೂ ಆ ಗಾಳಿ ಕುಡೀತೀನಿ. ನಿಂಗೇನು ಕಷ್ಟ?" ಅಂದರು ಮುನಿರಾಜು.

ನನಗೇನು ಕಷ್ಟವೆಂದರೆ, ಅಷ್ಟರಲ್ಲಿ ನಾನು ದಕ್ಷಿಣದ ದಾರಿಯಲ್ಲಿ ಅರೂಬಾ ಎಂಬ ದ್ವೀಪ ನೋಡಿಬಿಟ್ಟಿದ್ದೆ. ಅಲ್ಲೂ ಚಿನ್ನ ಸಿಕ್ಕಿತ್ತಂತೆ. ಗಣಿ ತೋಡಿದ್ದರು, ಅದಿರು ಅರೆಯಲು ಕಲ್ಲಿನ ಕಟ್ಟಡ ಕಟ್ಟಿದ್ದರು. ನೂರು ವರ್ಷಕ್ಕೂ ಹಿಂದೆಯೇ ಎಲ್ಲ ಮುಚ್ಚಿ, ಈಗ ಸಮುದ್ರದ ಅಂಚಿನಲ್ಲಿ ಮೊಂಡು ಗೋಡೆಗಳು ನಿಂತಿವೆ. ಕೆ.ಜಿ.ಎಫ್‌ನಲ್ಲಿ ಹುಟ್ಟಿ ಬೆಳೆದವಳು ಏಳು ಸಮುದ್ರ ದಾಟಿ ಮುಚ್ಚಿದ ಚಿನ್ನದ ಗಣಿ ನೋಡಲು ಹೋಗುವುದು ತಮಾಷೆಯ ಸಂಗತಿಯೇ. ಮುನಿರಾಜು ಹಾಗೆಯೇ ಅಂದರು, ಮುಚ್ಚಿದ ಗಣಿ ನೋಡಬೇಕಾದರೆ ಇದೇ ರೈಲಿನಲ್ಲಿ ಎರಡು ಸ್ಟೇಷನ್ ಮುಂದೆ ಹೋಗು ಎಂದು. ನನಗೆ ಸಿಟ್ಟು ಬಂತು. ಎರಡು ದಿನ ಪಾನಿಪುರಿ ಗಾಡಿಯ ಮುಂದೆ ನಾವು ಗಾಡಿಯವನ ಜೊತೆ ಮಾತ್ರ ಮಾತಾಡಿದೆವು. ಮದುವೆಯಾದ ಮೇಲೆ ಅದೇ ನಮ್ಮ ಮೊದಲ ಜಗಳ. ಪೂರ್ವದ ದಾರಿಯನ್ನು ಮಾತ್ರ ಇಬ್ಬರೂ ಒಮ್ಮತದಿಂದ ತಳ್ಳಿಹಾಕಿದ್ದೆವು. ಅಲ್ಲಿ ಮರಳು, ನೀರು, ವಾಚಿನ ಅಂಗಡಿ, ಮತ್ತೆ ಮರಳು.

ಜಗಳ ಬಿಡಿಸಿದವರು ಮಾವ. ಮಾವ ಇಪ್ಪತ್ತಾರು ವರ್ಷ ಚಾಂಪಿಯನ್ ರೀಫ್ಸ್‌ನ ಗಣಿಯೊಳಗೆ ಮರದ ತೊಲೆ ಕೊಡುವ ಕೆಲಸ ಮಾಡಿದವರು. ಬಂಡೆ ಕುಸಿಯದಂತೆ ಆನಿಕೆ ನಿಲ್ಲಿಸುವ ಕೆಲಸ ಅದು. ಹಳ್ಳಿಯಿಂದ ಸೈಕಲ್ಲು, ಬಂಗಾರಪೇಟೆಯಿಂದ ರೈಲು, ಅಲ್ಲಿಂದ ಗಣಿಗೆ ಇಳಿಸುವ ಕಬ್ಬಿಣದ ಪಂಜರದಲ್ಲಿ ನಿಂತು ಪಾತಾಳಕ್ಕೆ. ಗಣಿಯ ಬಗ್ಗೆ ನಾವು ಏನು ಕೇಳಿದರೂ "ಸೆಕೆ" ಎಂದು ಒಂದೇ ಮಾತು ಹೇಳಿ ಸುಮ್ಮನಾಗುವವರು. ಒಂದು ಭಾನುವಾರ ನಾನು ಜಗುಲಿಯಲ್ಲಿ ಕೂತು ಫೋನಿನಲ್ಲಿ ಅರೂಬಾದ ಗೋಡೆಗಳನ್ನು ನೋಡುತ್ತಿದ್ದಾಗ ಪಕ್ಕಕ್ಕೆ ಬಂದು ಕೂತರು. ಏನೆಂದು ಕೇಳಿದರು. ಹೇಳಿದೆ. ಎಷ್ಟು ಆಳ ಎಂದರು. ಹೆಚ್ಚು ಆಳವಿಲ್ಲವಂತೆ ಎಂದೆ. ಅದಕ್ಕೆ ಅವರ ಮುಖದಲ್ಲಿ ಸಣ್ಣ ಗೆಲುವು ಕಂಡಿತು. ಚಿತ್ರದಲ್ಲಿ ಗೋಡೆಗಳ ಮುಂದೆ ಟೋಪಿ ಹಾಕಿಕೊಂಡ ಪ್ರವಾಸಿಗರು ಸಾಲಾಗಿ ನಿಂತಿದ್ದರು. ಇವರು ಯಾರು ಎಂದು ಕೇಳಿದರು. ನೋಡಲು ಬಂದವರು ಎಂದೆ.

ಮಾವ ಫೋನನ್ನು ಕಣ್ಣಿನ ಹತ್ತಿರಕ್ಕೆ ಹಿಡಿದುಕೊಂಡರು. "ಮುಚ್ಚಿ ನೂರು ವರ್ಸ ಆದ್ಮೇಲೂ ನೋಡಾಕೆ ಜನ ಬತ್ತಾರಾ?"

ಒಳಗೆ ಶರ್ಟಿಗೆ ಗುಂಡಿ ಹಾಕಿಕೊಳ್ಳುತ್ತಿದ್ದ ಮುನಿರಾಜುಗೆ ಈ ಮಾತು ಕೇಳಿಸಿರಬೇಕು. ಮರುದಿನ ಸಂಜೆ ಎರಡನೆಯ ಪೂರಿ ಬಾಯಿಗಿಡುವ ಮೊದಲು, ದಕ್ಷಿಣಕ್ಕೇ ಹೋಗೋಣ, ಅಪ್ಪನಿಗೆ ಆ ಗೋಡೆಯ ಫೋಟೊ ತೆಗೆದುಕೊಂಡು ಬರೋಣ ಎಂದರು. ಜಮೈಕಾದ ಹೆಸರನ್ನು ಆಮೇಲೆ ಅವರು ಎತ್ತಲಿಲ್ಲ. ಗೆದ್ದವಳು ನಾನೇ ಆದರೂ ಆ ದಿನ ಪಾನಿಯ ಖಾರ ಸ್ವಲ್ಪ ಹೆಚ್ಚೇ ಹತ್ತಿತು.

ಅಣ್ಣನಿಗೆ ತಿಳಿಸುವ ಮೊದಲು ಅತ್ತಿಗೆಗೆ ಹೇಳೋಣವೆಂದು, ಶಾಲೆ ಬಿಟ್ಟ ಮೇಲೆ ಅವರ ಮನೆಗೆ ಹೋದೆ. ಅತ್ತಿಗೆ ಇರುವುದು ಉರಿಗಾಂನಲ್ಲಿ ಗಣಿ ಕಾರ್ಮಿಕರಿಗೆಂದು ಕಟ್ಟಿದ ಹಳೆಯ ಲೈನ್ ಮನೆಗಳ ಪೈಕಿ ಒಂದರಲ್ಲಿ. ದಕ್ಷಿಣದ ದಾರಿ ಎಂದ ಕೂಡಲೇ ಒಳ್ಳೆಯದಾಯಿತು ಎಂದರು. ಆದರೆ ಕಾಫಿ ಸೋಸುತ್ತಿದ್ದ ಅವರ ಕೈ ನಿಂತಿತು. ಏನೆಂದು ನಾನು ಮೂರು ಸಲ ಕೇಳಬೇಕಾಯಿತು.

"ನಿಮ್ಮಣ್ಣ ಇರೋದು ಪೂರ್ವಕ್ಕೋಗೋ ಶಿಪ್ಪಲ್ಲಿ ರೂಪ," ಎಂದರು. "ನಿಂಗೆ ಏಳ್ಬೇಡ ಅಂದವ್ರೆ. ನಾನು ಅದ್ರಲ್ಲಿರೋದು ಗೊತ್ತಾದ್ರೆ ಅವ್ಳು ಬೇರೆ ಯೋಚ್ನೆನೇ ಮಾಡಲ್ಲ, ಅವ್ರಿಗೆ ಇಷ್ಟ ಆಗಿದ್ದು ನೋಡ್ಲಿ ಅಂತ."

ಮೂರು ಹಡಗು, ಒಬ್ಬ ಅಣ್ಣ. ಒಂದನೆಯ ತರಗತಿಯ ಲೆಕ್ಕ. ಎಂಟು ದಿನ ನೋಟ್ ಪುಸ್ತಕದಲ್ಲಿ ಗೆರೆ ಎಳೆದ ಮೇಡಂಗೆ ಅದು ಹೊಳೆದಿರಲಿಲ್ಲ. ನಮ್ಮ ಮನೆಯಲ್ಲಿ ಕುಮಾರಣ್ಣ ಹಡಗಿನಲ್ಲಿದ್ದಾನೆ ಎನ್ನುತ್ತಿದ್ದೆವೇ ಹೊರತು, ಯಾವ ಹಡಗು ಎಂದು ಯಾರೂ ಕೇಳಿದವರಲ್ಲ. ಪ್ರಪಂಚದಲ್ಲಿ ಇರುವುದೇ ಒಂದು ಹಡಗು, ಅದರಲ್ಲಿ ಅವನಿದ್ದಾನೆ ಎಂದು ನಾನು ತಿಳಿದಿದ್ದೆ. ಕಾಫಿ ಹಾಗೇ ಬಿಟ್ಟು ಸ್ಟೇಷನ್ನಿಗೆ ಬಂದೆ. ರೈಲಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ಗುಡ್ಡಗಳನ್ನು ನೋಡುತ್ತ ಅತ್ತೆ.

ಮುನಿರಾಜುಗೆ ಹೇಳುವುದು ಕಷ್ಟವಾಗಲಿಲ್ಲ. ಪೂರ್ವ ಎಂದು ತಕ್ಷಣ ಅವರೇ ಅಂದರು. ಕಷ್ಟವಾದದ್ದು ಮಾವನಿಗೆ ಹೇಳುವುದು. ಅವರು ಅಷ್ಟರಲ್ಲಿ ಹಳ್ಳಿಯ ಇಬ್ಬರು ಹಳೆಯ ಗಣಿಯವರಿಗೆ ಅರೂಬಾದ ಸುದ್ದಿ ಮುಟ್ಟಿಸಿದ್ದರು. ನಾನು ಜಗುಲಿಯಲ್ಲಿ ಕೂತು, ಸುತ್ತಿ ಬಳಸಿ, ಕ್ಷಮೆ ಕೇಳುವವಳಂತೆ ಹೇಳಿದೆ. ಮಾವ ಕೇಳಿಸಿಕೊಂಡು ಎದ್ದು ಹೋಗಿ ಎಮ್ಮೆಗೆ ಹುಲ್ಲು ಹಾಕಿ ಬಂದರು.

"ಮುಚ್ಚಿದ ಗಣಿ ಎಲ್ಲಿಗೋಯ್ತದೆ ತಾಯಿ," ಅಂದರು. "ಮನುಸ್ರನ್ನ ನೋಡ್ಕಂಡ್ ಬನ್ನಿ."

ಹಾಗೆ ನಾವು, ಇಬ್ಬರಿಗೂ ಬೇಡವಾಗಿದ್ದ ದಾರಿಯಲ್ಲಿ ಹೊರಟೆವು. ವೀಸಾ, ವಿಮಾನ, ಮುನಿರಾಜು ಮೊದಲ ಬಾರಿ ತೊಟ್ಟ ಕೋಟು, ಇವುಗಳ ಕಥೆ ಬೇಡ. ಹಡಗನ್ನು ಕಂಡಾಗ ಅವರು, ಇದರ ಮೋಟರ್ ಸುಟ್ಟರೆ ತಂತಿ ಎಷ್ಟು ಬೇಕಾಗಬಹುದು ಎಂದು ಯೋಚಿಸುತ್ತ ನಿಂತದ್ದನ್ನು ಮಾತ್ರ ಹೇಳುತ್ತೇನೆ.

ಅಣ್ಣ ಬಂದದ್ದು ಮೊದಲ ದಿನ ಮಧ್ಯಾಹ್ನ, ಕಾಲು ಗಂಟೆಯ ಮಟ್ಟಿಗೆ, ಮೇಲಧಿಕಾರಿಯ ಅನುಮತಿ ಪಡೆದು. ಬಿಳಿ ಕೋಟು, ಬಿಳಿ ಟೋಪಿ. ಸಣ್ಣಗಾಗಿದ್ದ. ಅವನು ನನ್ನ ಕತ್ತಿನ ತಾಳಿಯನ್ನು ಒಂದು ಗಳಿಗೆ ನೋಡಿದ.

"ಆವತ್ತು ಸಿಗ್ನಲ್ ಓಗ್ಬುಡ್ತು ರೂಪಿ," ಅಂದ.

ಗೊತ್ತು ಬಿಡು ಎಂದೆ. ಯಾಕೆ ಈ ದಾರಿ ಆರಿಸಿದಿರಿ, ದಕ್ಷಿಣ ಇದಕ್ಕಿಂತ ಚೆನ್ನಾಗಿತ್ತಲ್ಲ ಎಂದು ಅವನು ಮುನಿರಾಜುವನ್ನು ಕೇಳಿದ. ನಮಗೆ ಮರಳು ಎಂದರೆ ಬಹಳ ಇಷ್ಟ ಭಾವ ಎಂದರು ಮುನಿರಾಜು, ಕೋಲಾರ ಜಿಲ್ಲೆಯವರಿಗೆ ಇದು ಸಹಜ ಎನ್ನುವ ಧಾಟಿಯಲ್ಲಿ.

ಅವನ ಕೆಲಸ ನಾವು ಮಲಗುವಾಗ ಶುರುವಾಗಿ ನಾವು ಏಳುವಾಗ ಮುಗಿಯುವಂಥದ್ದು. ಒಂದೇ ಒಂದು ದಿನ, ಹಡಗು ಸೇಂಟ್ ಥಾಮಸ್ ದ್ವೀಪದಲ್ಲಿ ನಿಂತಾಗ, ಅವನಿಗೆ ಮೂರು ಗಂಟೆ ಬಿಡುವು ಸಿಕ್ಕಿತು. ಸಮುದ್ರ ತೋರಿಸು ಎಂದೆ. ಅವನು ದಡದ ಮೇಲೆ ನಿಂತು ಆ ಕಡೆ ಈ ಕಡೆ ನೋಡಿದ. ಎಷ್ಟೋ ಸಲ ಆ ದಡಕ್ಕೆ ಬಂದವನಿಗೆ ಸ್ನಾನಕ್ಕೆ ಇಳಿಯುವ ಕಡಲತೀರ ಯಾವ ದಿಕ್ಕಿಗಿದೆ ಎಂದು ಗೊತ್ತಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ಬಂದರಿನ ಪಕ್ಕದ ಒಂದು ಅಂಗಡಿಯ ಗೋಡೆ. ಅಲ್ಲಿ ಇಂಟರ್‌ನೆಟ್ ಪುಕ್ಕಟೆ. ಹಡಗಿನ ಕೆಲಸದವರೆಲ್ಲ ಆ ಗೋಡೆಗೆ ಒರಗಿ ಕೂತು ಮನೆಗೆ ಫೋನ್ ಮಾಡುತ್ತಾರೆ. ಭೂಪಟದಲ್ಲಿ ಇಲ್ಲದ್ದಕ್ಕೆ ನನಗೆ ಕೆರಿಬಿಯನ್ ಗೊತ್ತಿರಲಿಲ್ಲ, ಸರಿ. ಅದರಲ್ಲೇ ಇದ್ದವನಿಗೂ ಗೊತ್ತಿರಲಿಲ್ಲವಲ್ಲ.

ಟ್ಯಾಕ್ಸಿಯವನು ನಮ್ಮನ್ನು ಒಂದು ತೀರಕ್ಕೆ ಕರೆದುಕೊಂಡು ಹೋದ. ಅಂಥ ನೀಲಿ ಇರುತ್ತದೆ ಎಂದು ನಾನು ನಂಬಿರಲಿಲ್ಲ. ಮೂವರೂ ಪ್ಯಾಂಟು, ಚೂಡಿದಾರ ಮಡಿಸಿಕೊಂಡು ಮೊಣಕಾಲುದ್ದ ನೀರಿಗಿಳಿದು, ಮೂವರಿಗೂ ಈಜು ಬಾರದ ಕಾರಣ ಮರ್ಯಾದೆಯಿಂದ ಹಿಂದಕ್ಕೆ ಬಂದೆವು. ಅಣ್ಣ ಮರಳಿನ ಮೇಲೆ ಒರಗಿದ. ಅತ್ತಿಗೆಯ ವಿಷಯ ಹೇಳುತ್ತಿದ್ದೆ, ತಿರುಗಿ ನೋಡಿದರೆ ನಿದ್ದೆ ಹೋಗಿದ್ದ. ಎಬ್ಬಿಸಲು ಮನಸ್ಸಾಗಲಿಲ್ಲ. ಬಿಸಿಲು ಸರಿದು ಅವನ ಮುಖದ ಮೇಲೆ ಬಂತು. ಮುನಿರಾಜು ಎದ್ದು, ತಮ್ಮ ನೆರಳು ಅವನ ಮುಖಕ್ಕೆ ಬೀಳುವಂತೆ ಜರುಗಿ ಕೂತರು. ಬಿಸಿಲು ಸರಿದಂತೆ ಅವರೂ ಸರಿಯುತ್ತ ಹೋದರು. ಹಾಗೆ ಒಂದೂವರೆ ಗಂಟೆ. ಅಷ್ಟು ಹೊತ್ತು ನಾನು ಸಮುದ್ರ ನೋಡಿದ್ದು ಕಡಿಮೆ.

ನಮ್ಮ ಕಡೆ ಬ್ರೆಡ್ಡು ಜ್ವರ ಬಂದವರಿಗೆ. ಮುನಿರಾಜು ಆರೋಗ್ಯವಾಗಿದ್ದಾಗ ಬ್ರೆಡ್ಡು ಮುಟ್ಟಿದವರಲ್ಲ. ಹಡಗಿನ ತಿಂಡಿಯ ಮೇಜಿನ ಮೇಲೆ ನೂರು ಬಗೆ ಬ್ರೆಡ್ಡು ಇಟ್ಟಿರುತ್ತಿದ್ದರು. ಎಡಗಡೆ ಕೊನೆಯಲ್ಲಿರುವ, ಮೇಲೆ ಗಸಗಸೆ ಉದುರಿಸಿದ ಗುಂಡನೆಯದು ತನ್ನ ಕೈಯದು ಎಂದು ಅಣ್ಣ ಹೇಳಿದ್ದ. ಕೊನೆಯ ದಿನ ಬೆಳಿಗ್ಗೆ ಮುನಿರಾಜು ಅದನ್ನು ನಾಲ್ಕು ತಿಂದರು. ನಮ್ಮ ಮೇಜಿನಲ್ಲಿದ್ದ ಬಿಳಿ ಕೂದಲಿನ ಅಜ್ಜಿಯೊಬ್ಬಳು ನಕ್ಕು, ಅಷ್ಟು ಚೆನ್ನಾಗಿದೆಯೇ ಎಂದು ಕೇಳಿದಳು. ಇದನ್ನು ಮಾಡಿದ್ದು ನನ್ನ ಹೆಂಡತಿಯ ಅಣ್ಣ ಎಂದು ಅವರು ತಮಗಿದ್ದ ಇಂಗ್ಲಿಷಿನಲ್ಲಿ ಹೇಳಿದರು. ಅಜ್ಜಿ ಎದ್ದು ಹೋಗಿ ಒಂದು ತಂದಳು, ತಿಂದಳು, ಅಡುಗೆಮನೆಯ ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ಇನ್ನೊಂದು ತಂದಳು.

ಈಗ ಸ್ಟಾಫ್ ರೂಮಿನಲ್ಲಿ ಯಾರಾದರೂ ಯಾವ ದಾರಿ ಒಳ್ಳೆಯದು ಮೇಡಂ ಎಂದು ಕೇಳುತ್ತಾರೆ. ಹೋಗದೆ ಬಿಟ್ಟ ಎರಡು ದಾರಿಗಳ ಬಗ್ಗೆ ನಾನು ಗಂಟೆಗಟ್ಟಲೆ ಹೇಳಬಲ್ಲೆ, ಯಾವ ದ್ವೀಪ, ಯಾವ ಕೋಟೆ, ಯಾವ ಗುಹೆ, ಎಲ್ಲ ಬಾಯಿಪಾಠ. ಹೋಗಿಬಂದ ದಾರಿಯಲ್ಲಿ ಏನು ನೋಡಿದಿರಿ ಎಂದರೆ ಮಾತ್ರ ತಡವರಿಸುತ್ತೇನೆ. ನಮ್ಮಣ್ಣ ಚೆನ್ನಾಗಿ ನಿದ್ದೆ ಮಾಡಿದ ಎಂದರೆ ಅವರಿಗೆ ಅರ್ಥವಾಗುವುದಿಲ್ಲ.