ಮಂಜಿನೊಳಗಿಂದ ಬಂದ ಉತ್ತರ

ಬುತ್ತಿ ಬಿಚ್ಚಿದವನೇ, "ಬರ್ರಿ, ಊಟ ಮಾಡೂನು" ಅಂದೆ. ಆದರೆ ಕರೆಯಲು ಎದುರಿಗೆ ಯಾರೂ ಇರಲಿಲ್ಲ. ಬಾಜೂದವರನ್ನು ಕರೆಯದೆ ನಮ್ಮ ಕಡೆ ಯಾರೂ ಬುತ್ತಿಗೆ ಕೈ ಹಾಕುವುದಿಲ್ಲ. ಆ ರೂಢಿ ಬಾಯಿಗೆ ಬಂದುಬಿಟ್ಟಿತ್ತು. ಅಂಬೋಲಿ ಘಾಟಿನ ರಸ್ತೆ ಬದಿಯ ಕಟ್ಟೆಯ ಮೇಲೆ, ಚಾಚಿದ ಕೈ ಕಾಣದಂಥ ಮಂಜಿನಲ್ಲಿ ಒಬ್ಬನೇ ಕೂತಿದ್ದೆ.

ಗೋಕಾಕ ಫಾಲ್ಸ್‌ನಲ್ಲಿ ನಾವು ದಿನಾ ನೋಡುವ ಘಟಪ್ರಭೆ ಹುಟ್ಟುವುದು ಈ ಬೆಟ್ಟಗಳಲ್ಲಿ. ಒಮ್ಮೆ ನೋಡಿ ಬರೋಣ ಎಂದು ಹೆಂಡತಿ ಹೇಳುತ್ತಲೇ ಇದ್ದಳು. ಅವಳು ತೀರಿಕೊಂಡ ಮೇಲೆ ನಾನೊಬ್ಬನೇ ಬಸ್ಸು ಹತ್ತಿ, ಗಡಿಯ ದಡ್ಡಿ ಊರು ದಾಟಿ ಬಂದಿದ್ದೆ. ಬಂದು ನೋಡಿದರೆ ಬೆಟ್ಟವೂ ಇಲ್ಲ, ನೀರೂ ಇಲ್ಲ, ಎಲ್ಲಾ ಬರೀ ಬಿಳಿ. ಬೆಳಗಿನಿಂದ ಕಂಡಕ್ಟರನನ್ನು ಬಿಟ್ಟರೆ ಯಾರೊಂದಿಗೂ ಮಾತಾಡಿರಲಿಲ್ಲ.

ಯಾರೂ ಇಲ್ಲದ ಕಡೆ ಕರೆದದ್ದಕ್ಕೆ ನನಗೇ ನಾಚಿಕೆಯಾಯಿತು. ರೊಟ್ಟಿ ಮುರಿಯಬೇಕು, ಅಷ್ಟರಲ್ಲಿ ಮಂಜಿನೊಳಗಿಂದ ವಯಸ್ಸಾದ ಗಂಡಸಿನ ದನಿ ಬಂತು: "ಮಾಡ್ರಿ, ಮಾಡ್ರಿ. ನಮ್ದ ಈಗ ಆತ್ರಿ."

ಈ ಮರಾಠಿ ಸೀಮೆಯಲ್ಲಿ ನಮ್ಮ ಊರಿನದೇ ಮಾತು. "ಯಾವೂರ್ರಿ?" ಎಂದು ಕೇಳಿದೆ.

"ಮೂಡಲಗಿ ಕಡೀದವ್ರರಿ" ಅಂದಿತು ದನಿ. ನಮ್ಮ ಗೋಕಾಕದ ಪಕ್ಕದ್ದೇ ಊರು. ಅಷ್ಟರಲ್ಲಿ ಒಂದು ಗಾಡಿ ಹಾರ್ನ್ ಹಾಕಿತು, ಚಪ್ಪಲಿ ಸದ್ದು ದೂರವಾಯಿತು. ಮಂಜು ಸರಿದಾಗ ಪಕ್ಕದ ಕಟ್ಟೆಯ ಮೇಲೆ ಶೇಂಗಾ ಚಟ್ನಿ ಹತ್ತಿದ ಪೇಪರಿನ ತುಂಡಷ್ಟೇ ಇತ್ತು. ಆ ಮುಖ ನಾನು ನೋಡಲೇ ಇಲ್ಲ.

ಈಗ ಮನೆಯಲ್ಲಿ ತಾಟಿನ ಮುಂದೆ ಕೂತಾಗ ಮೆಲ್ಲಗೆ "ಬರ್ರಿ" ಅಂತೀನಿ. ಉತ್ತರ ಬರುವಷ್ಟು ಹೊತ್ತು ಕಾದು, ಆಮೇಲೆ ರೊಟ್ಟಿ ಮುರೀತೀನಿ.