ಜೋಗೇಶ್ವರಿಯಲ್ಲಿ ನಿಂತ ಟ್ಯಾಕ್ಸಿ

ಮೊನ್ನೆ ನಮ್ಮ ಬಿಲ್ಡಿಂಗಿನ ಕೆಳಗೆ ಯಾರದೋ ಸ್ಕೂಟರಿನಿಂದ ಪೆಟ್ರೋಲ್ ಸೋರುತ್ತಿತ್ತು. ವಾಚ್‌ಮನ್ ಎಲ್ಲರನ್ನೂ ದೂರ ಹೋಗಿ ಎಂದು ಗದರಿಸುತ್ತಿದ್ದ. ನಾನು ಮಾತ್ರ ತರಕಾರಿ ಚೀಲ ಹಿಡಿದು ಅಲ್ಲೇ ನಿಂತುಬಿಟ್ಟೆ. ಆ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನಗೆ ಎಲ್ಲಿಗೋ ತಡವಾಯಿತು, ಯಾರೋ ಕಾಯುತ್ತಿದ್ದಾರೆ ಅನಿಸುತ್ತದೆ. ಆಮೇಲೆ ಚಾಚಾ ನೆನಪಾಗುತ್ತಾರೆ...

ಚಾಚಾ ದಹಿಸರಿನ ಚಾಳಿನಲ್ಲಿ ನಮ್ಮ ಪಕ್ಕದ ಖೋಲಿಯವರು. ಬಿಜಾಪುರದ ಕಡೆಯವರು, ಟ್ಯಾಕ್ಸಿ ಓಡಿಸುತ್ತಿದ್ದರು. ಮನೆಯೊಳಗೆ ದಖನಿ ಉರ್ದು, ನಮ್ಮೊಡನೆ ಕನ್ನಡ. ಉಡುಪಿಯಿಂದ ಮದುವೆಯಾಗಿ ಬಂದ ನನಗೆ ಅವರ ಕನ್ನಡ ಅರ್ಧ ತಿಳಿಯುತ್ತಿರಲಿಲ್ಲ. ನನ್ನ ಕನ್ನಡ ಕೇಳಿದರೆ ಅವರಿಗೆ ನಗು. ಅವರ ಟ್ಯಾಕ್ಸಿಯೋ, ಒಂದು ಬಾಗಿಲು ಹಾಕಿದರೆ ಇನ್ನೊಂದು ತೆರೆದುಕೊಳ್ಳುವಂಥದ್ದು. ಅದನ್ನು ನಾನು ಗುಜರಿ ಎಂದರೆ ಮಾತ್ರ ಅವರಿಗೆ ನಗು ಬರುತ್ತಿರಲಿಲ್ಲ.

ನನ್ನ ಗಂಡ ಹೋಟೆಲಿನಲ್ಲಿ ಅಡುಗೆಯವರು. ಬಹರೈನಿನಲ್ಲಿ ಕೆಲಸ ಸಿಕ್ಕಿತು. ಹೋಗಬೇಕೆಂದು ಮಾವ ಹೇಳಿದರು, ಭಾವ ಹೇಳಿದರು, ಊರಿಗೆ ಊರೇ ಹೇಳಿತು. ನಾನಾಗ ಬಸುರಿ. ಅವರು ಹೋಗುವುದು ನನಗೆ ಸುತರಾಂ ಬೇಡವಾಗಿತ್ತು. ಆದರೆ ನನ್ನನ್ನು ಯಾರೂ ಕೇಳಲಿಲ್ಲ. ಹೊಸ ಷರ್ಟು ಹೊಲಿಸಿಕೊಂಡು ಓಡಾಡುತ್ತಿದ್ದವರ ಮುಂದೆ ನಾನಾಗಿ ಹೇಗೆ ಬಾಯಿ ಬಿಡಲಿ?

ಹಡಗು ಹೊರಡುವ ದಿನ ರೈಲಿನವರ ಮುಷ್ಕರ, ಲೋಕಲ್ ಒಂದೂ ಇಲ್ಲ. ಚಾಚಾ ತಾವೇ ಬಂದು ಪೆಟ್ಟಿಗೆಯನ್ನು ಟ್ಯಾಕ್ಸಿಗೆ ಏರಿಸಿದರು. ಗೋರೆಗಾಂವ್ ದಾಟುವಾಗಲೇ ಪೆಟ್ರೋಲ್ ವಾಸನೆ. ಜೋಗೇಶ್ವರಿಗೆ ಬರುವಷ್ಟರಲ್ಲಿ ಗಾಡಿ ಕೆಮ್ಮಿ ಕೆಮ್ಮಿ ನಿಂತಿತು. ಚಾಚಾ ಬೀಡಿ ಎಸೆದು ಗಾಡಿಯ ಕೆಳಗೆ ನುಗ್ಗಿದರು. ಟ್ಯಾಂಕಿನಿಂದ ಎಂಜಿನ್ನಿಗೆ ಹೋಗುವ ಪೈಪು ತುಕ್ಕು ಹಿಡಿದು ತೂತಾಗಿತ್ತು. ಬಟ್ಟೆ ಸಾಬೂನು ಮೆತ್ತಿದರು. ಮೆತ್ತಿದ ಕಡೆಯೇ ಪೈಪು ಪುಡಿಯಾಯಿತು.

"ಸಾಬೂನು ನಿಲ್ಲಂಗಿಲ್ಲ. ಮುಂದ ಗ್ಯಾರೇಜ್ ಅದಾವ, ಒಂದ್ ಗೇಣು ರಬ್ಬರ್ ಪೈಪು, ಎರಡ ಕ್ಲಿಪ್ ತಗೊಂಡ್ ಬಾ, ಓಡು!" ಎಂದರು ನನ್ನ ಗಂಡನಿಗೆ.

ಇವರು ಓಡಿದರು. ನಾನು ರಸ್ತೆ ಬದಿ ಪೆಟ್ಟಿಗೆಯ ಮೇಲೆ ಕೂತೆ, ಎದ್ದೆ, ಮತ್ತೆ ಕೂತೆ. ಬಿಸಿಲು ಸುಡುತ್ತಿತ್ತು. ಗಾಡಿಯಡಿಯಿಂದ ಚಾಚಾರ ಎರಡು ಕಾಲು ಮಾತ್ರ ಕಾಣುತ್ತಿತ್ತು. ಗರಗಸದಿಂದ ಕೆಟ್ಟ ತುಂಡನ್ನು ಕೊಯ್ಯುವ ಸದ್ದು ನಿಂತಿತು. ಆಗ ಅಡಿಯಿಂದಲೇ ದನಿ ಬಂತು.

"ಬೇಟಿ, ಈಗ ಇಲ್ಲಿ ನಾವಿಬ್ರ ಇದ್ದೀವಿ. ಖರೇ ಹೇಳು. ಅಂವಾ ಹೋಗೂದು ನಿನಗ ಬೇಕಾಗೈತೋ, ಬ್ಯಾಡಾಗೈತೋ? ಬ್ಯಾಡಂದ್ರ ಈ ಗಾಡಿ ಇವತ್ತ ಚಾಲೂ ಆಗೂದಿಲ್ಲ. ಹೆಸರು ನಂದ ಕೆಡತೈತಿ, ಕೆಡ್ಲಿ."

ಬಾಯಾಳಿ ಎಂದು ಇಡೀ ಚಾಳಿನಲ್ಲಿ ಹೆಸರಾದವಳು ನಾನು. ಆ ಹೊತ್ತಿಗೆ ನಾಲಿಗೆ ಬಿದ್ದುಹೋಯಿತು. ಬೇಡ ಎನ್ನುವ ಮಾತು ಗಂಟಲವರೆಗೆ ಬಂದಿತ್ತು... ಅಷ್ಟರಲ್ಲಿ ಇವರು ಬೆವರು ಸುರಿಸುತ್ತ, ರಬ್ಬರ್ ಪೈಪನ್ನು ಗೆದ್ದು ತಂದವರ ಹಾಗೆ ಎತ್ತಿ ತೋರಿಸುತ್ತ ಓಡಿ ಬಂದರು.

"ಪೈಪ್ ಹಾಕಿ ಚಾಚಾ," ಎಂದೆ.

ಚಾಚಾ ಹಾಕಿದರು. ಮತ್ತೆ ಏನೂ ಕೇಳಲಿಲ್ಲ. ಹಡಗು ಸಿಕ್ಕಿತು. ನನ್ನನ್ನು ಹೆರಿಗೆಗೆ ಆಸ್ಪತ್ರೆಗೆ ಒಯ್ದದ್ದೂ ಅದೇ ಗಾಡಿ. ಇವರು ಮೊದಲ ರಜೆಗೆ ಬಂದಾಗ ಮಗಳು ಹೆದರಿ ಚಾಚಾರ ಹೆಗಲೇರಿದಳು. ಆಮೇಲೆ ರಜೆಗೆ ಬರುವುದು, ಹೋಗುವುದು, ಇದರಲ್ಲೇ ನಮ್ಮ ಪ್ರಾಯ ಕಳೆಯಿತು. ಚಾಚಾ ಬಿಜಾಪುರಕ್ಕೆ ಮರಳಿ ಅಲ್ಲೇ ತೀರಿಕೊಂಡರಂತೆ. ಸುದ್ದಿ ನಮಗೆ ತಡವಾಗಿ ಬಂತು.

ಮೊನ್ನೆ ಸಂಜೆ, ಇಷ್ಟು ವರ್ಷದ ಮೇಲೆ, ಚಾಚಾ ಹಾಗೆ ಕೇಳಿದ್ದನ್ನು ಇವರಿಗೆ ಹೇಳಿದೆ. ಇವರು ಚಾ ಲೋಟ ಕೆಳಗಿಟ್ಟರು.

"ನನ್ನನ್ನೂ ಕೇಳಿದ್ರು," ಎಂದರು. "ಬಂದರಿನಲ್ಲಿ, ಪೆಟ್ಟಿಗೆ ಇಳಿಸುವಾಗ. ಮನಸ್ಸಿಲ್ಲದಿದ್ರೆ ಈಗಲೇ ಗಾಡಿ ತಿರುಗಿಸ್ತೇನೆ ಅಂದ್ರು."

"ನಿಮಗೆ ಮನಸ್ಸಿತ್ತಲ್ಲ!"

"ಎಲ್ಲಿತ್ತು ಮಾರಾಯ್ತಿ? ಪೈಪ್ ಹಾಕಿ ಅಂತ ನೀನೇ ಹೇಳಿದ್ದು ನನಗೆ ಕೇಳಿತ್ತು. ನಾನು ಹೋಗುದು ನಿನಗೆ ಬೇಕುಂಟು ಅಂತ ಎಣಿಸಿದೆ."

ನನಗೆ ಅಳು ಬಂತು, ಅಳುವಿಗಿಂತ ಹೆಚ್ಚು ಸಿಟ್ಟು ಬಂತು. ಎರಡು ದಿನದಿಂದ ಮನೆಯೊಳಗೆ ಶತಪಥ ತಿರುಗುತ್ತಿದ್ದೇನೆ. ನನ್ನನ್ನು ಕೇಳಿದವರು ಜಗತ್ತಿನಲ್ಲಿ ಚಾಚಾ ಒಬ್ಬರೇ ಎಂದು ನೆನೆದು ಕೈ ಮುಗಿಯುತ್ತಿದ್ದವಳು ನಾನು. ಈಗ ಅವರ ಬಾಗಿಲು ಬಡಿದು ಜಗಳ ಆಡಬೇಕೆನಿಸುತ್ತದೆ. ಇಬ್ಬರನ್ನೂ ಬೇರೆ ಬೇರೆ ಕೇಳಿದಿರಲ್ಲ ಚಾಚಾ, ಒಟ್ಟಿಗೆ ನಿಲ್ಲಿಸಿ ಒಂದು ಸಲ ಕೇಳಬಾರದಿತ್ತೇ? ಹೀಗೆಂದು ಬೈಯಲು ಚಾಚಾ ಇಲ್ಲ.